ಮಸ್ತಿಷ್ಕದ ರಕ್ತಪ್ರವಾಹ: ಶಸ್ತ್ರಕ್ರಿಯೆಗೆ ಪೂರ್ವದ ಪರೀಕ್ಷೆಗಳ ಇತಿಹಾಸ

ಕೆಲವು ತಿಂಗಳ ಹಿಂದೆ ಮಿತ್ರರಾದ ಶಸ್ತ್ರವೈದ್ಯರೊಬ್ಬರು ನನ್ನಲ್ಲಿಗೆ ಬಂದು ಎರಡು ಪರಿಭಾಷಾಪದಗಳಿಗೆ ಸರಿಯಾದ ಕನ್ನಡವನ್ನು ಬೇಡಿದರು. ಮಿದುಳಿನ ರಕ್ತನಾಳಗಳಿಗೆ ಶಸ್ತ್ರಕ್ರಿಯೆಯನ್ನು ಮಾಡುವ ಮುನ್ನ ರೋಗಿಯ ಮನೆಯವರಿಗೆ ವಿಷಯವನ್ನು ತಿಳಿಯಹೇಳಬೇಕಾಗುವುದೆಂದೂ, 'ರಿಸರ್ವ್' ಮತ್ತು 'ಮಿಸರಿ ಪರ್ಫ್ಯೂಷನ್' ಎಂಬ ಮಾತುಗಳು ಬಂದೊಡನೆ ತಮ್ಮ ಕನ್ನಡವು ನಿಂತುಹೋಗುವುದೆಂದೂ ಅವರು ಹೇಳಿದರು. ಪದವನ್ನು ಕೊಡುವುದು ಸುಲಭವೆಂದೆಣಿಸಿ ನಾನು ಒಪ್ಪಿಕೊಂಡೆನು. ಆದರೆ ಪದದ ಹಿಂದಿರುವ ಪದಾರ್ಥವನ್ನು ಅರಿಯದೆ ಪದವನ್ನು ಸೃಷ್ಟಿಸಿದರೆ ಅದು ಶಶವಿಷಾಣದಂತೆ ನಿರರ್ಥಕವಾದೀತೆಂದು ಆ ವಿಷಯದ ಇತಿಹಾಸವನ್ನು ಓದತೊಡಗಿದೆನು. ಓದಿದಂತೆಲ್ಲ ಇದು ಕೇವಲ ವೈದ್ಯರ ಸ್ವತ್ತಲ್ಲವೆಂದು ತೋರಿತು. ನಾವು ಏನನ್ನು ಕಂಡೆವು, ಏನನ್ನು ಊಹಿಸಿದೆವು, ಊಹೆಯನ್ನೇ ಕಂಡದ್ದೆಂದು ಎಲ್ಲಿ ಭ್ರಮಿಸಿದೆವು ಎಂಬ ವಿಚಾರವು ಪ್ರಮಾಣಶಾಸ್ತ್ರದ ವಿಷಯವೇ ಆಗಿರುವುದರಿಂದ ಈ ಪತ್ರಿಕೆಯ ವಾಚಕರ ಮುಂದೆ ಅದನ್ನು ಇಡಲು ಧೈರ್ಯಮಾಡಿರುವೆನು.

ಪ್ರಶ್ನೆಯು ಸರಳವಾದುದು. ಮಿದುಳಿಗೆ ರಕ್ತವನ್ನು ಒಯ್ಯುವ ಮುಖ್ಯಧಮನಿಗಳು ನಾಲ್ಕು: ಕತ್ತಿನ ಮುಂಭಾಗದಲ್ಲಿ ಎಡಬಲಗಳಲ್ಲಿ ಎರಡು ಕಂಠಧಮನಿಗಳು, ಹಿಂಭಾಗದಲ್ಲಿ ಬೆನ್ನೆಲುಬಿನ ಮಣಿಗಳ ಮೂಲಕ ಏರುವ ಎರಡು ಧಮನಿಗಳು. ಇವುಗಳಲ್ಲೊಂದನ್ನು ಕಟ್ಟಬೇಕಾಗಿ ಬಂದರೆ, ಅಥವಾ ಒಂದು ತಾನಾಗಿಯೇ ಮುಚ್ಚಿಹೋಗಿದ್ದರೆ, ಉಳಿದವು ಸಾಲುವುವೋ ಸಾಲವೋ? ಸಾಲದೆ ಹೋದರೆ ಶರೀರದ ಒಂದು ಪಾರ್ಶ್ವವು ಬಿದ್ದುಹೋಗುವುದು, ಮಾತು ಹೋಗುವುದು, ಪ್ರಾಣವೇ ಹೋಗಬಹುದು. ಇಷ್ಟನ್ನು ಕತ್ತಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ತಿಳಿಯುವ ಉಪಾಯವುಂಟೇ?

ಕತ್ತಿನ ಧಮನಿಗಳ ಭಯವು ಬಹು ಪ್ರಾಚೀನವಾದುದು. ಯವನರು ಕಂಠಧಮನಿಗೆ ಇಟ್ಟ ಹೆಸರೇ ಮಂಪರು, ಮೂರ್ಛೆ ಎಂಬರ್ಥದ ಶಬ್ದದಿಂದ ಹುಟ್ಟಿದುದು. ಅದನ್ನು ಅದುಮಿದರೆ ಪ್ರಜ್ಞೆ ತಪ್ಪುವುದೆಂಬ ಅನುಭವವು ಆ ನಾಮದಲ್ಲಿ ಅಡಗಿದೆ. ನಮ್ಮ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಗ್ರೀವೆಯ ಎರಡು ಪಕ್ಕಗಳಲ್ಲಿಯೂ ನಾಲ್ಕು ನಾಲ್ಕರಂತೆ ಮಾತೃಕೆಗಳೆಂಬ ಎಂಟು ಸಿರಾಮರ್ಮಗಳನ್ನು ಎಣಿಸಿ, ಅವುಗಳಿಗೆ ಪೆಟ್ಟಾದರೆ ಸದ್ಯೋಮರಣವೆಂದು ಹೇಳಿದೆ. ನೀಲಾ, ಮನ್ಯಾ ಎಂಬ ಮರ್ಮಗಳ ಆಘಾತದಿಂದ ಮೂಕತ್ವ ಮತ್ತು ಸ್ವರವಿಕಾರಗಳನ್ನು ಹೇಳಿದೆ. ಇದನ್ನು ಕಂಡು ಮುಂದೆ ಹೇಳತಕ್ಕದ್ದೆಲ್ಲವೂ ಸುಶ್ರುತನಿಗೆ ತಿಳಿದಿತ್ತೆಂದು ಸಾಧಿಸಹೊರಡುವವರು ನಮ್ಮಲ್ಲಿ ಇಲ್ಲದಿಲ್ಲ. ಅದು ಶಾಸ್ತ್ರಕ್ಕೆ ಗೌರವವಲ್ಲ. ಪೆಟ್ಟಿನ ಫಲವನ್ನು ಆತನು ಬಲ್ಲನು. ರಕ್ತದ ಪರಿಚಲನೆಯ ಲೆಕ್ಕವು ಅಲ್ಲಿಲ್ಲ.

ಮೊದಲ ಸಮಾಧಾನವನ್ನು ತಂದವನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್. ಮಿದುಳಿನ ರಚನೆಯನ್ನು ಕುರಿತ ಆತನ ಲ್ಯಾಟಿನ್ ಗ್ರಂಥವು ೧೬೬೪ರಲ್ಲಿ ಹೊರಟಿತು. ಅದರ ಚಿತ್ರಗಳಲ್ಲಿ ಹಲವನ್ನು ಬರೆದವನು ಮುಂದೆ ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ಕಟ್ಟಿಸಿದ ಕ್ರಿಸ್ಟೊಫರ್ ರೆನ್. ನಾಲ್ಕು ಧಮನಿಗಳೂ ಮಿದುಳಿನ ಬುಡದಲ್ಲಿ ಒಂದು ವಲಯವಾಗಿ ಕೂಡಿಕೊಳ್ಳುವುವೆಂದೂ, ಒಂದು ಮುಚ್ಚಿದರೆ ಮತ್ತೊಂದು ಆ ವಲಯದ ಮೂಲಕ ನೆರವಾಗಬಲ್ಲುದೆಂದೂ ವಿಲ್ಲಿಸನು ತೋರಿಸಿದನು. ಒಂದು ಕಂಠಧಮನಿಯೊಳಕ್ಕೆ ಬಣ್ಣದ ದ್ರವವನ್ನು ಹಾಯಿಸಿದರೆ ಅದು ಮತ್ತೊಂದು ಪಾರ್ಶ್ವದ ಶಾಖೆಗಳಲ್ಲಿಯೂ ಕಾಣಿಸಿಕೊಂಡಿತು. ಇದಕ್ಕಿಂತಲೂ ಸ್ವಾರಸ್ಯವಾದುದು ಆತನು ವರ್ಣಿಸಿದ ಒಬ್ಬ ಮನುಷ್ಯನ ವಿಷಯ. ಬೇರೊಂದು ವ್ಯಾಧಿಯಿಂದ ಸತ್ತ ಅವನ ಶವವನ್ನು ಸೀಳಿದಾಗ ಬಲಗಡೆಯ ಕಂಠಧಮನಿಯು ಕಲ್ಲಿನಂತೆ ಗಟ್ಟಿಯಾಗಿ ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಅದೇ ಪಾರ್ಶ್ವದ ಹಿಂಬದಿಯ ಧಮನಿಯು ಮೂರು ಪಾಲು ದಪ್ಪವಾಗಿತ್ತು. ಆದರೂ ಅವನಿಗೆ ಪಕ್ಷವಾತವಾಗಿರಲಿಲ್ಲ. ಪ್ರಕೃತಿಯೇ ಮಾಡಿದ ಪ್ರಯೋಗವಿದು. ಆದರೆ ಈ ಜ್ಞಾನವು ದೊರೆತದ್ದು ಶವದಿಂದ. ಬದುಕಿರುವವನ ವಲಯವು ಕೂಡಿದೆಯೋ, ಎಲ್ಲಿಯಾದರೂ ಕಡಿದಿದೆಯೋ ಎಂಬುದನ್ನು ಅರಿಯುವ ಮಾರ್ಗವಿರಲಿಲ್ಲ. ವಲಯವು ಎಲ್ಲರಲ್ಲಿಯೂ ಪೂರ್ಣವಾಗಿರುವುದಿಲ್ಲವಷ್ಟೆ.

ಆ ಅಜ್ಞಾನದ ಬೆಲೆಯನ್ನು ಆಸ್ಟ್ಲಿ ಕೂಪರನ ಎರಡು ಶಸ್ತ್ರಕ್ರಿಯೆಗಳಲ್ಲಿ ಕಾಣಬಹುದು. ಲಂಡನ್ನಿನ ಗೈಸ್ ಆಸ್ಪತ್ರೆಯ ಈ ಶಸ್ತ್ರವೈದ್ಯನು ಕಂಠಧಮನಿಯು ಉಬ್ಬಿ ಚೀಲದಂತಾಗಿದ್ದ ಒಬ್ಬ ಸ್ತ್ರೀಗೆ ೧೮೦೫ರಲ್ಲಿ ಆ ಧಮನಿಯನ್ನು ಕಟ್ಟಿದನು. ಕೆಲವು ದಿನಗಳಲ್ಲಿ ಅವಳಿಗೆ ಪಕ್ಷವಾತವಾಗಿ, ಅದೇ ತಿಂಗಳಲ್ಲಿ ಅವಳು ತೀರಿಕೊಂಡಳು. ೧೮೦೮ರಲ್ಲಿ ಅದೇ ಕ್ರಿಯೆಯನ್ನು ಒಬ್ಬ ಪುರುಷನಿಗೆ ಮಾಡಿದನು. ಅವನು ೧೮೨೧ರ ವರೆಗೆ ಬದುಕಿದನು. ಕೈ ಒಂದೇ, ಕ್ರಿಯೆ ಒಂದೇ, ಫಲ ಬೇರೆ. ಭೇದಕ್ಕೆ ಕಾರಣವೇನೆಂಬುದನ್ನು ಕೂಪರನು ಮುಂಚಿತವಾಗಿ ಅರಿಯಲು ಯಾವ ಸಾಧನವೂ ಅವನಲ್ಲಿರಲಿಲ್ಲ.

ಒಂದು ಶತಮಾನದ ತರುವಾಯ ಅಮೆರಿಕದ ನ್ಯೂ ಆರ್ಲಿಯನ್ಸಿನ ರುಡಾಲ್ಫ್ ಮಾಟಾಸ್ ೧೯೧೧ರಲ್ಲಿ ಪ್ರಕಟಿಸಿದ ಲೇಖನವು, ನಾನು ಬಲ್ಲಮಟ್ಟಿಗೆ, ಪ್ರಶ್ನೆಯನ್ನು ನೇರವಾಗಿ ಕೇಳಿದ ಆದಿಲೇಖನಗಳಲ್ಲೊಂದು. ದೊಡ್ಡ ಧಮನಿಯನ್ನು ಕಟ್ಟುವ ಮೊದಲು ಪಕ್ಕದ ದಾರಿಗಳ ಸಾಮರ್ಥ್ಯವನ್ನು ಪರೀಕ್ಷಿಸತಕ್ಕದ್ದೆಂಬುದು ಅವನ ವಾದ. ಕಂಠಧಮನಿಯ ವಿಷಯದಲ್ಲಿ ಪರೀಕ್ಷೆಯೆಂದರೆ ಕತ್ತಿನ ಮೇಲೆ ಬೆರಳಿಟ್ಟು ಅದನ್ನು ಅದುಮಿ ಹಿಡಿಯುವುದು; ರೋಗಿಗೆ ಮಂಪರು ಬರುವುದೋ, ಕೈಕಾಲು ಸೋಲುವುದೋ ಎಂದು ನೋಡುವುದು. ಬೆರಳಿನ ಪರೀಕ್ಷೆಯಾದರೂ ಇದನ್ನು ಹೀಗಳೆಯಬಾರದು. ಆದರೆ ಕೆಲವು ನಿಮಿಷ ಸೋಲದ ಮಿದುಳು ಮೂರನೆಯ ದಿನ ರಕ್ತದೊತ್ತಡವು ತಗ್ಗಿದಾಗ ಸೋಲುವುದಿಲ್ಲವೆಂದು ಹೇಳುವುದು ಹೇಗೆ?

ಕಾಣಬೇಕೆಂಬ ಹಂಬಲವನ್ನು ಮೊದಲು ಸಫಲಗೊಳಿಸಿದವನು ಲಿಸ್ಬನ್ನಿನ ಎಗಾಸ್ ಮೊನಿಜ್. ಕ್ಷಕಿರಣಕ್ಕೆ ತಲೆಬುರುಡೆಯು ಕಾಣುವುದು, ಒಳಗಿನ ಮಿದುಳು ಕಾಣದು. ಕಿರಣವನ್ನು ತಡೆಯುವ ಲವಣವನ್ನು ಕಂಠಧಮನಿಯೊಳಕ್ಕೆ ಚುಚ್ಚಿದರೆ ನಾಳಗಳು ತಾವಾಗಿ ಚಿತ್ರದಲ್ಲಿ ಮೂಡುವುವೆಂದು ಆತನು ಊಹಿಸಿ, ಮೊದಲು ಶವಗಳ ಮೇಲೆಯೂ ಪ್ರಾಣಿಗಳ ಮೇಲೆಯೂ ಪ್ರಯೋಗಮಾಡಿದನು. ವಾತರಕ್ತದಿಂದ ಮೊನಿಜನ ಕೈಗಳು ವಿಕಾರಗೊಂಡಿದ್ದುದರಿಂದ ಸೂಜಿಯನ್ನು ಹಿಡಿದವನು ಆತನ ಸಹಾಯಕ ಆಲ್ಮೇಡಾ ಲಿಮಾ. ಮೊದಲು ಉಪಯೋಗಿಸಿದ ಸ್ಟ್ರಾಂಷಿಯಂ ಬ್ರೋಮೈಡ್ ಲವಣದಿಂದ ಚಿತ್ರವು ಸರಿಯಾಗಿ ಬರಲಿಲ್ಲ. ಒಬ್ಬ ರೋಗಿಯು ಸತ್ತೂ ಹೋದನು. ಆಮೇಲೆ ಸೋಡಿಯಂ ಅಯೊಡೈಡನ್ನು ಹಿಡಿದು ೧೯೨೭ರ ಜೂನ್ ೨೮ರಂದು ಬದುಕಿರುವ ಮನುಷ್ಯನ ಮಿದುಳಿನ ಧಮನಿಗಳನ್ನು ಸ್ಪಷ್ಟವಾಗಿ ಕಂಡರು. ಹತ್ತು ವರ್ಷಗಳಲ್ಲಿ, ಎಂದರೆ ೧೯೩೭ರ ವೇಳೆಗೆ, ಮುಚ್ಚಿಹೋದ ಕಂಠಧಮನಿಯನ್ನೇ ಜೀವಂತರೋಗಿಯಲ್ಲಿ ತೋರಿಸುವುದು ಮೊನಿಜನ ಬಳಗಕ್ಕೆ ಸಾಧ್ಯವಾಯಿತು. ವಿಲ್ಲಿಸನು ಶವದಲ್ಲಿ ಕಂಡದ್ದು ಹೀಗೆ ಜೀವಿಯಲ್ಲಿ ಕಂಡಿತು. ನಡುವೆ ಒಂದು ದುರ್ದೈವದ ಪ್ರಸಂಗವೂ ಉಂಟು. ೧೯೩೧ರಿಂದ ಬಳಕೆಗೆ ಬಂದ ಥೋರೋಟ್ರಾಸ್ಟ್ ಎಂಬ ಥೋರಿಯಂ ದ್ರವ್ಯವು ಅತ್ಯುತ್ತಮವಾದ ಚಿತ್ರಗಳನ್ನು ಕೊಟ್ಟಿತು. ಅದು ಯಕೃತ್ತಿನಲ್ಲಿ ಆಜೀವವೂ ಉಳಿದು ವಿಕಿರಣವನ್ನು ಸೂಸಿ ದಶಕಗಳ ತರುವಾಯ ಅರ್ಬುದರೋಗವನ್ನು ಹುಟ್ಟಿಸಿತು. ಇನ್ನೊಂದು ವಿಷಯವನ್ನು ಹೇಳದಿರಲಾರೆನು. ಮೊನಿಜನಿಗೆ ೧೯೪೯ರಲ್ಲಿ ನೊಬೆಲ್ ಪಾರಿತೋಷಕವು ಬಂದುದು ಈ ಕಾರ್ಯಕ್ಕಾಗಿ ಅಲ್ಲ. ಮನೋರೋಗಿಗಳ ಮಿದುಳಿನ ಮುಂಭಾಗವನ್ನು ಕಡಿಯುವ, ಈಗ ತ್ಯಕ್ತವಾಗಿರುವ ಶಸ್ತ್ರಕ್ರಿಯೆಗಾಗಿ. ಪಾರಿತೋಷಕಗಳನ್ನು ಕೊಡುವವರಿಗೂ ಹೇತ್ವಾಭಾಸವು ತಪ್ಪಿದುದಲ್ಲ.

ಮೊನಿಜನ ಚಿತ್ರದಲ್ಲಿ ಪ್ರತ್ಯಕ್ಷವಾದುದು ನಾಳದ ರೂಪವು. ಪ್ರವಾಹವಾದರೋ ಅಲ್ಲಿ ಅನುಮೇಯವೇ. ಕಾಲುವೆಯು ಅಗಲವಾಗಿದೆಯೆಂದ ಮಾತ್ರಕ್ಕೆ ಗದ್ದೆಗೆ ನೀರು ಮುಟ್ಟಿತೆಂದಾಗಲಿ, ಕಿರಿದಾಗಿದೆಯೆಂದ ಮಾತ್ರಕ್ಕೆ ಗದ್ದೆಯು ಒಣಗಿತೆಂದಾಗಲಿ ಹೇಳಲಾಗದು. ಗದ್ದೆಗೆ ಎಷ್ಟು ನೀರು ಸಂದಿತೆಂಬುದನ್ನು ಅಳೆಯಬೇಕಾದರೆ ಬೇರೆ ಯುಕ್ತಿಯೇ ಬೇಕು.

ಆ ಯುಕ್ತಿಯು ಫಿಲಡೆಲ್ಫಿಯಾದ ಸೀಮೂರ್ ಕೆಟಿ ಮತ್ತು ಕಾರ್ಲ್ ಷ್ಮಿಟ್ ಎಂಬವರಿಗೆ ೧೯೪೫ರಲ್ಲಿ ಹೊಳೆಯಿತು. ಒಂದು ಅಂಗವು ಹೀರಿಕೊಂಡ ದ್ರವ್ಯದ ಮೊತ್ತವು, ಒಳಹೋಗುವ ರಕ್ತದಲ್ಲಿಯೂ ಹೊರಬರುವ ರಕ್ತದಲ್ಲಿಯೂ ಆ ದ್ರವ್ಯಕ್ಕಿರುವ ಅಂತರವನ್ನು ಪ್ರವಾಹದಿಂದ ಗುಣಿಸಿದಷ್ಟಾಗುವುದೆಂದು ಜರ್ಮನಿಯ ಅಡಾಲ್ಫ್ ಫಿಕ್ ೧೮೭೦ರಲ್ಲಿಯೇ ಹೇಳಿದ್ದನು. ಕೆಟಿಯು ಹಲ್ಲುವೈದ್ಯರು ಬಳಸುವ ನೈಟ್ರಸ್ ಆಕ್ಸೈಡ್ ಅನಿಲವನ್ನು ಅಲ್ಪಪ್ರಮಾಣದಲ್ಲಿ ಹತ್ತು ನಿಮಿಷ ಉಸಿರಾಡಿಸಿ, ಧಮನಿಯ ರಕ್ತವನ್ನೂ, ಮಿದುಳಿನಿಂದ ಇಳಿದುಬರುವ ಕತ್ತಿನ ಸಿರೆಯ ರಕ್ತವನ್ನೂ ಮೇಲಿಂದಮೇಲೆ ತೆಗೆದು ಅಳೆದನು. ಆರೋಗ್ಯವಂತನ ಮಿದುಳಿಗೆ ಪ್ರತಿ ನೂರು ಗ್ರಾಂ ತೂಕಕ್ಕೆ ನಿಮಿಷಕ್ಕೆ ಸುಮಾರು ೫೪ ಮಿಲಿಲೀಟರ್ ರಕ್ತವು ಸಲ್ಲುವುದೆಂದು ತಿಳಿಯಿತು. ಇಡೀ ಮಿದುಳಿಗೆ ಲೆಕ್ಕ ಹಾಕಿದರೆ ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು. ಮನುಷ್ಯನ ಚಿಂತನೆಗೆ ಆಧಾರವಾದ ಅಂಗದ ಆಹಾರಕ್ಕೆ ಹೀಗೆ ಖಚಿತವಾದ ಅಳತೆ ದೊರೆಯಿತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟವಿದು. ಇಲ್ಲಿ ಯಂತ್ರವು ಕಡಿಮೆ, ವಿಚಾರವು ಹೆಚ್ಚು.

ಆದರೆ ಇದು ಸಮಷ್ಟಿಯ ಸರಾಸರಿ. ೧೯೫೫ರಲ್ಲಿ ಸೊಕೊಲೊಫ್ ಮೊದಲಾದವರು ಮನಸ್ಸಿನಲ್ಲೇ ಗಣಿತವನ್ನು ಮಾಡಿಸಿ ಅಳೆದಾಗ ಇಡೀ ಮಿದುಳಿನ ಪ್ರವಾಹದಲ್ಲಿ ಭೇದವೇ ಕಾಣಲಿಲ್ಲ. ಲೆಕ್ಕವನ್ನು ಮಾಡುವ ಮಿದುಳಿಗೂ ಸುಮ್ಮನಿರುವ ಮಿದುಳಿಗೂ ವ್ಯತ್ಯಾಸವಿಲ್ಲವೆಂದು ಇದರ ಅರ್ಥವಲ್ಲ. ಊರ ಕೆರೆಯ ತೂಬಿನ ನೀರನ್ನು ಅಳೆದು ಯಾವ ಹೊಲವು ಒಣಗಿದೆಯೆಂದು ಹೇಳಲಾಗದೆಂಬುದೇ ಅರ್ಥ. ಡೆನ್ಮಾರ್ಕಿನ ನೀಲ್ಸ್ ಲ್ಯಾಸನ್ ಮತ್ತು ಸ್ವೀಡನ್ನಿನ ಡೇವಿಡ್ ಇಂಗ್ವಾರ್ ೧೯೬೧ರಿಂದ ಈ ಕೊರತೆಯನ್ನು ನೀಗಿಸತೊಡಗಿದರು. ವಿಕಿರಣಶೀಲವಾದ ಕ್ರಿಪ್ಟಾನ್, ಅನಂತರ ಕ್ಸೆನಾನ್ ಅನಿಲವನ್ನು ಕಂಠಧಮನಿಯಲ್ಲಿ ಹಾಯಿಸಿ, ಅದು ಮಿದುಳಿನ ಯಾವ ಭಾಗದಿಂದ ಎಷ್ಟು ಬೇಗ ತೊಳೆದುಹೋಗುವುದೆಂದು ತಲೆಯ ಹೊರಗಿಟ್ಟ ಎಣಿಕೆಯ ಯಂತ್ರಗಳಿಂದ ನೋಡಿದರು. ಕೋಪನ್‌ಹೇಗನ್ನಿನ ಯಂತ್ರದಲ್ಲಿ ೧೯೭೦ರ ದಶಕದ ವೇಳೆಗೆ ೨೫೪ ಎಣಿಕೆಗಣ್ಣುಗಳಿದ್ದುವು. ೧೯೭೧ರಲ್ಲಿ ಲಂಡನ್ನಿನ ಹೊರವಲಯದ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಮೊದಲ ರೋಗಿಯನ್ನು ನೋಡಿತು; ೧೯೮೨ರಲ್ಲಿ ಆಸ್ಲಿಡ್ ಎಂಬವನು ಶಬ್ದತರಂಗಗಳನ್ನು ಬುರುಡೆಯ ತೆಳ್ಳನೆಯ ಭಾಗದ ಮೂಲಕ ಹಾಯಿಸಿ ಧಮನಿಯೊಳಗಿನ ರಕ್ತದ ವೇಗವನ್ನು ಅಳೆದನು; ೧೯೯೧ರ ಸುಮಾರಿಗೆ ಎಂ.ಆರ್.ಐ. ಯಂತ್ರವೂ ಪ್ರವಾಹವನ್ನು ತೋರಿಸಲು ಕಲಿತಿತು. ಯಂತ್ರಗಳ ಪಟ್ಟಿಯನ್ನು ಬೆಳೆಸುವುದರಿಂದ ಪ್ರಕೃತಕ್ಕೆ ಪ್ರಯೋಜನವಿಲ್ಲ.

ಪ್ರಯೋಜನವಿರುವುದು ಲ್ಯಾಸನ್ ೧೯೫೯ರಲ್ಲಿ ಸ್ಪಷ್ಟಪಡಿಸಿದ ಒಂದು ತತ್ತ್ವದಲ್ಲಿ. ರಕ್ತದೊತ್ತಡವು ಸ್ವಲ್ಪ ತಗ್ಗಿದರೆ ಮಿದುಳಿನ ಸಣ್ಣ ಧಮನಿಗಳು ಹಿಗ್ಗಿ ಪ್ರವಾಹವನ್ನು ಮೊದಲಿನಷ್ಟೇ ಕಾಪಾಡಿಕೊಳ್ಳುವುವು. ಆದಕಾರಣ ಕಂಠಧಮನಿಯು ಮುಚ್ಚಿದ ಇಬ್ಬರಲ್ಲಿಯೂ ಪ್ರವಾಹದ ಅಳತೆಯು ಸಮವಾಗಿಯೇ ಇರಬಹುದು. ಆದರೆ ಒಬ್ಬನ ನಾಳಗಳು ಇನ್ನೂ ಹಿಗ್ಗಬಲ್ಲುವು, ಮತ್ತೊಬ್ಬನವು ಹಿಗ್ಗುವಷ್ಟೂ ಹಿಗ್ಗಿ ಮುಗಿದಿವೆ. ಇಬ್ಬರೂ ಈ ಹೊತ್ತು ಸಮರು. ನಾಳೆ ಒತ್ತಡವು ತಗ್ಗಿದರೆ ಒಬ್ಬನು ನಿಲ್ಲುವನು, ಇನ್ನೊಬ್ಬನು ಬೀಳುವನು. ಕಾಣಬೇಕಾದುದು ಹಾಗಾದರೆ ರೂಪವೂ ಅಲ್ಲ, ಪ್ರವಾಹವೂ ಅಲ್ಲ, ಉಳಿದಿರುವ ಸಾಮರ್ಥ್ಯವು. ಸಾಮರ್ಥ್ಯವೋ, ತಾರ್ಕಿಕರು ಬಲ್ಲಂತೆ, ಕಾರ್ಯದಿಂದಲ್ಲದೆ ಗೋಚರಿಸದು. ಆದುದರಿಂದ ಅಸೆಟಜೋಲಮೈಡ್ ಎಂಬ ನಾಳವಿಕಾಸಕವಾದ ಔಷಧವನ್ನು ಕೊಟ್ಟು, ಕೊಡುವ ಮೊದಲೊಮ್ಮೆ ಕೊಟ್ಟ ಮೇಲೊಮ್ಮೆ ಪ್ರವಾಹವನ್ನು ಅಳೆಯುವ ಕ್ರಮವು ಬಂದಿತು. ಸ್ವಸ್ಥಭಾಗದಲ್ಲಿ ಪ್ರವಾಹವು ಏರುವುದು. ಆಗಲೇ ಹಿಗ್ಗಿ ಮುಗಿದ ಭಾಗದಲ್ಲಿ ಏರದು, ಕೆಲವೊಮ್ಮೆ ಇಳಿಯುವುದೂ ಉಂಟು.

ಇದಕ್ಕೂ ಮುಂದಿನ ಅವಸ್ಥೆಯೊಂದಿದೆ. ಹಿಗ್ಗುವುದು ಮುಗಿದ ಮೇಲೆ ಪ್ರವಾಹವು ನಿಜವಾಗಿಯೇ ಕುಗ್ಗುವುದು. ಆಗ ಮಿದುಳು ಬಂದಷ್ಟು ರಕ್ತದಿಂದಲೇ ಹೆಚ್ಚು ಪಾಲು ಆಮ್ಲಜನಕವನ್ನು ಹೀರಿಕೊಂಡು ಜೀವ ಹಿಡಿಯುವುದು. ಸ್ವಸ್ಥಸ್ಥಿತಿಯಲ್ಲಿ ನೂರರಲ್ಲಿ ೪೦ ಪಾಲಿನಷ್ಟು ಹೀರುವುದು ಆಗ ಅದಕ್ಕಿಂತ ಬಹಳ ಮೇಲೇರುವುದು. ಇದನ್ನು ಕಾಣಲು ೧೯೭೦ರ ದಶಕದಲ್ಲಿ ಬಂದ 'ಪೆಟ್' ಯಂತ್ರವೂ, ಎರಡೇ ನಿಮಿಷಗಳಲ್ಲಿ ಅರ್ಧವಾಗಿ ಕರಗುವ ಆಮ್ಲಜನಕದ ವಿಕಿರಣಶೀಲರೂಪವೂ ಬೇಕಾದುವು. ೧೯೮೧ರಲ್ಲಿ ಫ್ರಾನ್ಸಿನ ಬಾರೊನ್ ಮತ್ತು ಅವನ ಸಂಗಡಿಗರು ಒಬ್ಬ ರೋಗಿಯಲ್ಲಿ ಈ ಅವಸ್ಥೆಯನ್ನು ತೋರಿಸಿ, ಶಸ್ತ್ರಕ್ರಿಯೆಯ ತರುವಾಯ ಅದು ಮಾಯವಾದುದನ್ನೂ ತೋರಿಸಿ, ಅದಕ್ಕೆ 'ಮಿಸರಿ ಪರ್ಫ್ಯೂಷನ್' ಎಂದು ಹೆಸರಿಟ್ಟರು. ನನ್ನ ಮಿತ್ರರ ಎರಡನೆಯ ಪದವು ಹುಟ್ಟಿದ್ದು ಹೀಗೆ.

ಆ ಶಸ್ತ್ರಕ್ರಿಯೆ ಯಾವುದು? ತುರ್ಕಿಯವನಾದ ಯಾಸರ್ಗಿಲ್ ಅಮೆರಿಕದ ಬರ್ಲಿಂಗ್ಟನ್ನಿನಲ್ಲಿ ಡೊನಾಗಿಯ ಬಳಿ ಸೂಕ್ಷ್ಮದರ್ಶಕದ ಕೆಳಗೆ ನಾಳಗಳನ್ನು ಹೊಲಿಯುವುದನ್ನು ಅಭ್ಯಾಸಮಾಡಿ, ೧೯೬೭ರ ಅಕ್ಟೋಬರ್ ೩೦ರಂದು ಜ್ಯೂರಿಕ್ ನಗರದಲ್ಲಿ ನೆತ್ತಿಯ ಚರ್ಮದ ಧಮನಿಯೊಂದನ್ನು ಬುರುಡೆಯೊಳಕ್ಕೆ ತಂದು ಮಿದುಳಿನ ಧಮನಿಗೆ ಹೊಲಿದನು. ಹೊಸ ಕಾಲುವೆಯನ್ನು ತೋಡಿದಂತಾಯಿತು. ಪ್ರಪಂಚದ ನಾನಾ ಭಾಗಗಳಲ್ಲಿ ಇದನ್ನು ಉತ್ಸಾಹದಿಂದ ಮಾಡಿದರು. ಆದರೆ ೧೩೭೭ ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ ಬಾರ್ನೆಟ್ ಎಂಬ ಕೆನಡಾದ ವೈದ್ಯನ ಮುಖಂಡತ್ವದಲ್ಲಿ ನಡೆದ ಪರೀಕ್ಷೆಯು ೧೯೮೫ರಲ್ಲಿ ಶಸ್ತ್ರಕ್ರಿಯೆಯಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿತು.

ಶಸ್ತ್ರವೈದ್ಯರ ಆಕ್ಷೇಪವು ನ್ಯಾಯವಾಗಿಯೇ ಇತ್ತು. ರೋಗಿಗಳನ್ನು ಆರಿಸಿದ್ದು ನಾಳದ ರೂಪವನ್ನು ನೋಡಿ. ಪ್ರವಾಹವು ಸಾಲದವರನ್ನು ಬೇರೆಯಾಗಿ ಆರಿಸಲಿಲ್ಲ. ಬಾಯಾರದವನಿಗೆ ನೀರು ಕೊಟ್ಟು ನೀರಿನಿಂದ ಪ್ರಯೋಜನವಿಲ್ಲವೆಂದರೆ ಹೇಗೆ? ಸೇಂಟ್ ಲೂಯಿಸಿನ ಗ್ರಬ್ ಮೊದಲಾದವರು ೧೯೯೮ರಲ್ಲಿ ಈ ಆಕ್ಷೇಪಕ್ಕೆ ಬಲವನ್ನು ಕೊಟ್ಟರು. ಕಂಠಧಮನಿಯು ಮುಚ್ಚಿದ ೮೧ ರೋಗಿಗಳಲ್ಲಿ, ಆಮ್ಲಜನಕವನ್ನು ಅತಿಯಾಗಿ ಹೀರುತ್ತಿದ್ದ ೩೯ ಮಂದಿಯ ಪೈಕಿ ೧೨ ಮಂದಿಗೆ ಮುಂದೆ ಆಘಾತವಾಯಿತು. ಉಳಿದ ೪೨ ಮಂದಿಯಲ್ಲಿ ೩ ಮಂದಿಗೆ ಮಾತ್ರ. ವ್ಯಾಪ್ತಿಯು ಸಿದ್ಧವಾದಂತೆ ತೋರಿತು. ಇನ್ನು ಅಂಥವರನ್ನೇ ಆರಿಸಿ ಶಸ್ತ್ರಕ್ರಿಯೆಯನ್ನು ಮಾಡಿದರೆ ಫಲವು ಖಂಡಿತವೆಂದು ಯಾರು ತಾನೇ ನಂಬಲಾರರು?

ಹಾಗೆಯೇ ಮಾಡಿದರು. ೧೯೫ ರೋಗಿಗಳ ಆ ಪರೀಕ್ಷೆಯ ಫಲವು ೨೦೧೧ರಲ್ಲಿ ಪ್ರಕಟವಾಯಿತು. ಹೊಲಿದ ನಾಳಗಳು ತೆರೆದೇ ಇದ್ದುವು. ಪೆಟ್ ಯಂತ್ರದ ಅಳತೆಯೂ ಉತ್ತಮಗೊಂಡಿತು. ಆದರೂ ಎರಡು ವರ್ಷಗಳಲ್ಲಿ ಕೆಟ್ಟ ಫಲವು ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ೨೧, ಆಗದವರಲ್ಲಿ ೨೨.೭. ಮೊದಲ ಮೂವತ್ತು ದಿನಗಳಲ್ಲಿಯೇ ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ೧೪.೪ ಮಂದಿಗೆ ಅದೇ ಪಾರ್ಶ್ವದಲ್ಲಿ ಆಘಾತವಾಗಿತ್ತು; ಆಗದವರಲ್ಲಿ ೨ ಮಾತ್ರ. ೨೦೨೩ರಲ್ಲಿ ಚೀನಾದೇಶದಿಂದ ಬಂದ ೩೨೪ ರೋಗಿಗಳ ಪರೀಕ್ಷೆಯಲ್ಲಿಯೂ, ಸಿ.ಟಿ.ಯಿಂದ ಪ್ರವಾಹವನ್ನು ನೋಡಿಯೇ ಆರಿಸಿದ್ದರೂ, ಎರಡು ಪಂಗಡಗಳ ಅಂತರವು ನಿಶ್ಚಯಕ್ಕೆ ಸಾಲದಾಯಿತು.

ಎಲ್ಲಿ ಹೊಗೆಯೋ ಅಲ್ಲಿ ಬೆಂಕಿಯೆಂಬುದು ಸರಿ. ಎಲ್ಲಿ ಬೆಂಕಿಯೋ ಅಲ್ಲಿ ಹೊಗೆಯೆಂಬುದು ಸರಿಯಲ್ಲ, ಹಸಿಯ ಸೌದೆಯೆಂಬ ಉಪಾಧಿಯು ನಡುವೆ ನಿಲ್ಲುವುದೆಂದು ನಾವು ಪಾಠಶಾಲೆಯಲ್ಲಿ ಓದುವೆವು. ಪ್ರವಾಹವು ಕುಗ್ಗಿದವನಿಗೆ ಆಘಾತದ ಭಯ ಹೆಚ್ಚೆಂಬುದರಿಂದ, ಪ್ರವಾಹವನ್ನು ಹೆಚ್ಚಿಸಿದರೆ ಆಘಾತವು ತಪ್ಪುವುದೆಂದು ಹೊರಡುವಲ್ಲಿಯೂ ಉಪಾಧಿಗಳಿದ್ದುವು. ಶಸ್ತ್ರವೇ ಮಾಡುವ ಅಪಾಯವೊಂದು. ಎರಡನೆಯದು, ರಕ್ತದೊತ್ತಡ ಮೊದಲಾದವುಗಳ ಔಷಧಗಳು ಅಷ್ಟರಲ್ಲಿ ಬಹಳ ಸುಧಾರಿಸಿದ್ದುದು: ಶಸ್ತ್ರಕ್ರಿಯೆಯಿಲ್ಲದವರಲ್ಲಿ ನೂರಕ್ಕೆ ೪೦ ಮಂದಿಗೆ ಕೇಡಾಗುವುದೆಂದು ಎಣಿಸಿದ್ದರು, ಆದುದು ಸುಮಾರು ಅರ್ಧ. ಯಂತ್ರವು ಸುಳ್ಳು ಹೇಳಲಿಲ್ಲ. ಅದನ್ನು ಕೇಳಿದ ಪ್ರಶ್ನೆಯು ಬೇರೆ, ನಾವು ತೆಗೆದುಕೊಂಡ ಉತ್ತರವು ಬೇರೆ.

ಇಷ್ಟರಿಂದ ಪರೀಕ್ಷೆಗಳೆಲ್ಲ ವ್ಯರ್ಥವೆಂದು ಹೇಳುವವರ ಪಕ್ಷವನ್ನು ನಾನು ಒಪ್ಪಲಾರೆನು. ಜಪಾನಿನಲ್ಲಿ ಹೆಚ್ಚಾಗಿ ಕಾಣುವ ಒಂದು ರೋಗದಲ್ಲಿ ಮಿದುಳಿನ ಬುಡದ ಧಮನಿಗಳು ಕ್ರಮೇಣ ಮುಚ್ಚಿ, ಅವುಗಳ ಬದಲಿಗೆ ಕೂದಲಿನಂತಹ ನಾಳಗಳು ಹಬ್ಬುವುವು. ಚಿತ್ರದಲ್ಲಿ ಅದು ಸುಳಿಸುಳಿದೇಳುವ ಹೊಗೆಯಂತೆ ಕಂಡುದರಿಂದ ಸುಜುಕಿ ಮತ್ತು ತಾಕಾಕು ಎಂಬವರು ೧೯೬೯ರಲ್ಲಿ ಅದನ್ನು 'ಮೊಯಾಮೊಯಾ' ಎಂದು ಕರೆದರು. (ತಾರ್ಕಿಕನ ಹೊಗೆಯು ಇಲ್ಲಿಯೂ ಬಿಡಲಿಲ್ಲ.) ಈ ರೋಗದಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದ ೮೦ ಮಂದಿಯನ್ನು ಕುರಿತು ೨೦೧೪ರಲ್ಲಿ ಪ್ರಕಟವಾದ ಜಪಾನೀ ಪರೀಕ್ಷೆಯಲ್ಲಿ, ಮರಳಿ ರಕ್ತಸ್ರಾವವಾಗುವುದು ವರ್ಷಕ್ಕೆ ನೂರರಲ್ಲಿ ೭.೬ ಇದ್ದುದು ಶಸ್ತ್ರಕ್ರಿಯೆಯಿಂದ ೨.೭ಕ್ಕೆ ಇಳಿಯಿತು. ಕಂಠಧಮನಿಯನ್ನು ಅನಿವಾರ್ಯವಾಗಿ ಕಟ್ಟಲೇಬೇಕಾದವರ ವಿಷಯದಲ್ಲಿಯೂ ಮಾಟಾಸನ ಬೆರಳಿನ ಕೆಲಸವನ್ನು ಈಗ ಧಮನಿಯೊಳಗೆ ಊದುವ ಪುಟ್ಟ ಬಲೂನು ಮಾಡುತ್ತದೆ. ಮಾಸ್ಕೋ ನಗರದ ಸೆರ್ಬಿನೆಂಕೊ ೧೯೭೪ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಬಲೂನನ್ನು ಊದಿ ರೋಗಿಯನ್ನು ಮಾತಾಡಿಸುವುದರ ಜೊತೆಗೆ ಪ್ರವಾಹವನ್ನೂ ಅಳೆಯುವುದರಿಂದ, ಮಾತು ಚೆನ್ನಾಗಿದ್ದೂ ಪ್ರವಾಹವು ಕುಸಿದವರನ್ನು ಬೇರ್ಪಡಿಸಲು ಸಾಧ್ಯವಾಗಿದೆ. ಕೂಪರನ ಮೊದಲನೆಯ ರೋಗಿಯಂಥವರು ಈ ಜಾತಿಯವರಾಗಿದ್ದಿರಬಹುದು.

ಇನ್ನು ಮಿತ್ರರ ಪದಗಳು. 'ರಿಸರ್ವ್' ಎಂಬುದಕ್ಕೆ 'ಮೀಸಲು' ಎನ್ನುವುದು ರೂಢಿ. ಆದರೆ ಮೀಸಲೆಂದರೆ ಮುಟ್ಟದೆ ತೆಗೆದಿಟ್ಟ ವಸ್ತು. ಇಲ್ಲಿ ತೆಗೆದಿಟ್ಟ ರಕ್ತವೆಂಬುದಿಲ್ಲ. ನಾಳವು ಇನ್ನೆಷ್ಟು ಹಿಗ್ಗಬಲ್ಲುದೆಂಬುದೇ ವಿಷಯ. ಗ್ರಂಥಗಳಲ್ಲಿ 'ವಿಕಾಸಶೇಷ' ಎಂದೂ, ಮನೆಯವರೊಡನೆ 'ನಾಳಕ್ಕೆ ಹಿಗ್ಗುವ ಶಕ್ತಿ ಉಳಿದಿದೆಯೇ' ಎಂದೂ ಹೇಳಬಹುದೆಂದು ಸೂಚಿಸಿದೆನು. ಎರಡನೆಯದಕ್ಕೆ 'ರಕ್ತದ ಬಡತನ' ಎಂದರೆ ರಕ್ತಹೀನತೆಯೆಂಬ ಬೇರೆ ರೋಗವನ್ನು ತಿಳಿದಾರು. ಅವಶ್ಯಕ್ಕಿಂತ ಹೆಚ್ಚು ರಕ್ತವು ಹರಿಯುವ ಅವಸ್ಥೆಗೆ ಲ್ಯಾಸನ್ ೧೯೬೬ರಲ್ಲಿ ಭೋಗವಾಚಕವಾದ ಹೆಸರಿಟ್ಟಿದ್ದನು. ಬಾರೊನನ ಹೆಸರು ಅದಕ್ಕೆ ಪ್ರತಿಯಾದುದು. 'ಭೋಗಪ್ರವಾಹ', 'ದುರ್ಭಿಕ್ಷಪ್ರವಾಹ' ಎಂದು ನಾನು ಬರೆದುಕೊಟ್ಟೆನು. ಮಿತ್ರರು ದುರ್ಭಿಕ್ಷವನ್ನು ಬಿಟ್ಟು 'ಬರ' ಎಂಬುದನ್ನು ಹಿಡಿದರು. 'ಮಿದುಳಿನ ಈ ಭಾಗಕ್ಕೆ ಬರ ಬಂದಿದೆ' ಎಂದು ಹೇಳಿದಾಗ ರೋಗಿಯ ತಮ್ಮನು ಥಟ್ಟನೆ, 'ಹಾಗಾದರೆ ಡಾಕ್ಟರೇ, ಕಾಲುವೆ ತೋಡಿದರೆ ಬರ ಹೋಗುತ್ತದೆಯೇ?' ಎಂದು ಕೇಳಿದನಂತೆ. ಮಿತ್ರರು ೨೦೧೧ರ ಅಂಕಿಗಳನ್ನು ಅವನ ಮುಂದೆ ಇಟ್ಟರಂತೆ.